ಮಗುಚಿ ನೋಡಬೇಕಾದ ಹುಲ್ಲು

ಸೀರೆ ಕೊಳ್ಳುವಾಗ ನಮ್ಮಮ್ಮ ಮೊದಲು ನೋಡುತ್ತಿದ್ದದ್ದು ಸೆರಗನ್ನಲ್ಲ, ಅಂಚಿನ ಒಳಮೈಯನ್ನು. ಅಲ್ಲಿ ಎಳೆ ಜೋತಾಡುತ್ತಿದ್ದರೆ ಅಂಗಡಿಯವನು ಎಷ್ಟು ಹೊಗಳಿದರೂ ಸೀರೆ ವಾಪಸು. ಅಚ್ಯುತಾಪುರಂನಲ್ಲಿರುವ ತಂಗಿಯ ಮನೆಗೆ ಕೃತಕ ಹುಲ್ಲು ಆರಿಸಲು ಹೋದಾಗ ನನಗೆ ಒದಗಿದ್ದು ಆ ಹಳೆಯ ವಿದ್ಯೆಯೇ.

ಅಚ್ಯುತಾಪುರಂ ಮೊದಲು ವಿಶಾಖಪಟ್ಟಣ ಜಿಲ್ಲೆಯಲ್ಲಿತ್ತು, 2022ರಿಂದ ಅನಕಾಪಲ್ಲಿ ಜಿಲ್ಲೆಗೆ ಸೇರಿದೆ. ವಿಶೇಷ ಆರ್ಥಿಕ ವಲಯದ ಕಾರ್ಖಾನೆಗಳ ಬೆನ್ನಿಗೇ ಮನೆಗಳೂ ಎದ್ದ ಊರು. ಪೂಡಿಮಡಕದ ಕಡಲು ದೂರವಿಲ್ಲ. ಗಾಳಿಯಲ್ಲಿ ಉಪ್ಪು, ಮೈಯೆಲ್ಲ ಅಂಟು. ತಂಗಿಗೆ ಎರಡು ಕಡೆ ಹುಲ್ಲು ಬೇಕಿತ್ತು: ನೆರಳಿರುವ ಮುಂದಿನ ಜಗಲಿಗೆ, ಬಿಸಿಲಿಗೆ ಬಾಯ್ತೆರೆದ ತಾರಸಿಗೆ. ಅಂಗಡಿಯವರು ಎರಡಕ್ಕೂ ಒಂದೇ ಸುರುಳಿ ಬಿಚ್ಚಿದರು. 50 ಎಂಎಂ. ಅದೇ ನಂಬರ್ ಒನ್ ಎಂದರು. (ದಡ್ಡನನ್ನು ನಾವು ‘ಅನ್ನ ತಿಂತೀಯೋ ಮಣ್ಣು ತಿಂತೀಯೋ’ ಎಂದು ಬೈದರೆ ತೆಲುಗರು ಮಣ್ಣಿನ ಜಾಗದಲ್ಲಿ ‘ಗಡ್ಡಿ’ ಎನ್ನುತ್ತಾರೆ, ಅಂದರೆ ಹುಲ್ಲು. ಎಚ್ಚರಿಕೆಯಿಂದ ಕೊಳ್ಳಲು ಅಷ್ಟು ಸಾಕಾಯಿತು.)

ಈ ಎಂಎಂ ಎಂಬುದೇ ಈ ವ್ಯಾಪಾರದ ದೊಡ್ಡ ಕಣ್ಕಟ್ಟು. ಅದು ಎಸಳಿನ ಎತ್ತರವೇ ಹೊರತು ಗುಣವಲ್ಲ. ಎತ್ತರದ ಎಸಳನ್ನು ವಿರಳವಾಗಿ ಹೊಲಿದಿದ್ದರೆ ನಾಲ್ಕು ಜನ ಓಡಾಡಿದ ಕೂಡಲೇ ಮಲಗುತ್ತದೆ, ಮತ್ತೆ ಏಳುವುದಿಲ್ಲ. ಜಗಲಿಗೆ 30–35 ಎಂಎಂನ ದಟ್ಟ ಹಾಸು ಅದಕ್ಕಿಂತ ಎಷ್ಟೋ ವಾಸಿ. ದಟ್ಟಣೆ ತಿಳಿಯಲು ಹಾಸನ್ನು ಪುಸ್ತಕ ಬಿಡಿಸಿದಂತೆ ಹಿಂದಕ್ಕೆ ಬಾಗಿಸಿ ನೋಡಬೇಕು: ಸಾಲುಗಳ ನಡುವೆ ಕರಿ ತಳ ಅಗಲವಾಗಿ ಕಂಡರೆ ಬೇಡ. ಬುಡದಲ್ಲಿ ಕಂದು ಬಣ್ಣದ ಗುಂಗುರು ಎಳೆಗಳಿದ್ದರೆ ಒಳ್ಳೆಯದು. ಒಣಹುಲ್ಲಿನಂತೆ ಕಾಣುವುದಷ್ಟೇ ಅಲ್ಲ, ಉದ್ದದ ಎಸಳು ಬೀಳದಂತೆ ಊರೆಯನ್ನೂ ಕೊಡುತ್ತವೆ. ಅಂಗೈಯಿಂದ ಬಲವಾಗಿ ಒತ್ತಿ ಬಿಡಿ. ಪಾಲಿಎಥಿಲೀನ್ ಎಸಳು ಮೆತ್ತಗಿರುತ್ತದೆ. ನಡುವೆ ನರದಂಥ ಏಣಿದ್ದರೆ ಬೇಗ ತಲೆ ಎತ್ತುತ್ತದೆ. ಅಗ್ಗದ ಚಾಪೆಗಳಲ್ಲಿ ಹೆಚ್ಚಾಗಿ ಬರುವ ಪಾಲಿಪ್ರೊಪಿಲೀನ್ ಬರಿಗಾಲಿಗೆ ಚುಚ್ಚುತ್ತದೆ. ‘ಡಿಟೆಕ್ಸ್’ ಎಂಬ ಸಂಖ್ಯೆಯನ್ನೂ ಹೇಳುತ್ತಾರೆ: 10,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂದು. ನೂಲು ದಪ್ಪವಿದ್ದು ಹೊಲಿಗೆ ವಿರಳವಿದ್ದರೆ ಆ ಸಂಖ್ಯೆಯಿಂದ ಏನೂ ಆಗದು.

ಇನ್ನು ಮಗುಚಿ ನೋಡುವ ಹೊತ್ತು. ಹುಲ್ಲಿನ ಆಯುಸ್ಸು ಇರುವುದು ಬೆನ್ನಿನಲ್ಲಿ. ಎಸಳುಗಳನ್ನು ಬಟ್ಟೆಯಂಥ ತಳಕ್ಕೆ ಹೊಲಿದು, ಹಿಂದಿನಿಂದ ಲ್ಯಾಟೆಕ್ಸ್ ಅಥವಾ ಪಾಲಿಯುರೆಥೇನ್ ಬಳಿದಿರುತ್ತಾರೆ. ಆ ಲೇಪ ಎಲ್ಲ ಕಡೆ ಸಮನಾಗಿರಬೇಕು, ಉಗುರಿಗೆ ಹೊಟ್ಟಿನಂತೆ ಉದುರಬಾರದು. ಒಂದೆರಡು ಎಸಳನ್ನು ಹಿಡಿದು ಎಳೆಯಿರಿ. ಅಂಗಡಿಯವರ ಮುಖ ಗಂಟಾದರೂ ಚಿಂತೆಯಿಲ್ಲ. ನೀರಿಳಿಯುವ ತೂತುಗಳಿವೆಯೇ ಎಂದು ಒಂದು ಲೋಟ ನೀರು ಸುರಿದು ನೋಡಿ. ಕಡಲ ಬದಿಯ ಆರ್ದ್ರತೆಯಲ್ಲಿ ತಳದಲ್ಲಿ ನೀರು ನಿಂತರೆ ಮುಗ್ಗಲು ವಾಸನೆ ಮನೆ ತುಂಬುತ್ತದೆ. ಉಪ್ಪುಗಾಳಿಗೆ ಪ್ಲಾಸ್ಟಿಕ್ ಹೆದರುವುದಿಲ್ಲ, ಆದರೆ ಅಂಚಿಗೆ ಹೊಡೆಯುವ ಕಬ್ಬಿಣದ ಮೊಳೆ ತುಕ್ಕು ಕಾರಿ ಟೈಲ್ಸ್ ಮೇಲೆ ಕಲೆ ಬಿಡುತ್ತದೆ. ಎರಡು ತುಂಡು ಜೋಡಿಸುವಾಗ ಎಸಳುಗಳು ಒಂದೇ ದಿಕ್ಕಿಗೆ ಬಾಗಿರಬೇಕು, ಇಲ್ಲವಾದರೆ ಒಂದೇ ಸುರುಳಿಯ ಹುಲ್ಲು ಎರಡು ಬಣ್ಣವಾಗಿ ಕಾಣುತ್ತದೆ. ಮಕ್ಕಳಿರುವ ಮನೆಯಾದರೆ ಸೀಸವಿಲ್ಲ ಎಂಬ ಪರೀಕ್ಷಾ ಪತ್ರ ಕೇಳುವುದು ಅತಿಯಲ್ಲ: 2008ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹಳೆಯ ನೈಲಾನ್ ಹಾಸುಗಳಲ್ಲಿ ಸೀಸ ಕಂಡು ಮೈದಾನಗಳನ್ನೇ ಮುಚ್ಚಿದ್ದರು.

ಇಷ್ಟೆಲ್ಲ ಪಾಸಾದ ಹುಲ್ಲೂ ತಾರಸಿಯಲ್ಲಿ ಸೋಲುತ್ತದೆ. ಅದು ಆ ಹುಲ್ಲಿನ ತಪ್ಪಲ್ಲ, ಜಾತಿಯ ಗುಣ. ಈ ವಸ್ತು ಹೆಸರು ಮಾಡಿದ್ದೇ ಬಿಸಿಲಿಲ್ಲದ ಕಡೆ. ಅಮೆರಿಕದ ಹ್ಯೂಸ್ಟನ್ನಿನಲ್ಲಿ 1965ರಲ್ಲಿ ಮಾಡು ಹೊದಿಸಿದ ಆಸ್ಟ್ರೋಡೋಮ್ ಕ್ರೀಡಾಂಗಣ ತೆರೆದಾಗ ಅಲ್ಲಿದ್ದದ್ದು ನಿಜವಾದ ಹುಲ್ಲು. ಪಾರದರ್ಶಕ ಮಾಡಿನ ಝಳಪಿಗೆ ಆಟಗಾರರಿಗೆ ಚೆಂಡು ಕಾಣಿಸಲಿಲ್ಲ. ಮಾಡಿಗೆ ಬಣ್ಣ ಬಳಿದರು, ಬೆಳಕಿಲ್ಲದೆ ಹುಲ್ಲು ಸತ್ತಿತು, ಮರುವರ್ಷ ಪ್ಲಾಸ್ಟಿಕ್ ಹಾಸು ಬಂತು. ಆಸ್ಟ್ರೋಟರ್ಫ್ ಎಂಬ ಹೆಸರು ಹುಟ್ಟಿದ್ದು ಹಾಗೆ. ನಮಗೆ ಅದು ಹತ್ತಿದ್ದು ಸೋಲಿನ ಮೂಲಕ: 1975ರಲ್ಲಿ ಹುಲ್ಲಿನ ಮೇಲೆ ಹಾಕಿ ವಿಶ್ವಕಪ್ ಗೆದ್ದ ಭಾರತ, ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಕೃತಕ ಹಾಸಿನಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಹಾಕಿಯ ಹಾಸಿಗೆ ಆಟಕ್ಕೆ ಮುಂಚೆ ನೀರು ಹೊಡೆಯುತ್ತಾರೆ ಎಂಬುದನ್ನು ‘ನೀರೇ ಬೇಡ’ ಎಂದು ಮಾರುವವರಿಗೆ ನೆನಪಿಸಬೇಕು.

ಜೀವವಿರುವ ಹುಲ್ಲು ಬೆವರುತ್ತದೆ, ಅದಕ್ಕೇ ತಂಪು. ಪ್ಲಾಸ್ಟಿಕ್ ಬಿಸಿಲನ್ನು ಕುಡಿದು ಕೂರುತ್ತದೆ. 2015ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ನಡೆದದ್ದು ಕೆನಡಾದಂಥ ತಣ್ಣನೆಯ ದೇಶದಲ್ಲಿ. ಎಡ್ಮಂಟನ್‌ನ ಹಾಸು ಅಲ್ಲಿಯೂ 49 ಡಿಗ್ರಿಗೆ ಕಾದಿತ್ತು. ಆಂಧ್ರದ ಮೇ ತಿಂಗಳನ್ನು ಹೇಳುವುದೇ ಬೇಡ. ಮೇಲಾಗಿ ವರ್ಷಗಟ್ಟಲೆ ಬಿಸಿಲು ತಿಂದ ಎಸಳು ಪುಡಿಪುಡಿಯಾಗಿ ಮಳೆನೀರಿನೊಂದಿಗೆ ಚರಂಡಿ ಸೇರುತ್ತದೆ. ಮೈದಾನಗಳಲ್ಲಿ ಎಸಳಿನ ನಡುವೆ ತುಂಬುವ ರಬ್ಬರ್ ಹರಳುಗಳ ಮಾರಾಟವನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ಎಂಟು ವರ್ಷಗಳ ಗಡುವು ಕೊಟ್ಟು ನಿಷೇಧಿಸಿದೆ. ಮನೆಗೆ ಆ ಹರಳು ಬೇಕಿಲ್ಲ, ಒಂದಿಷ್ಟು ಸಿಲಿಕಾ ಮರಳು ಸಾಕು. ಇನ್ನು ಅಂಗಳದಲ್ಲಿ ಅಂಗೈಯಗಲ ಮಣ್ಣಿರುವವರು ಅದರ ಮೇಲೆ ಪ್ಲಾಸ್ಟಿಕ್ ಹಾಸುವುದು ನನ್ನ ಲೆಕ್ಕದಲ್ಲಿ ಅಪರಾಧ. ಗರಿಕೆಯ ನಾಲ್ಕು ಬೇರು ಊರಿದರೆ ಅದೇ ಹಬ್ಬುತ್ತದೆ.

ತಂಗಿಗೆ ಇದನ್ನೆಲ್ಲ ಹೇಳಿ ಒಪ್ಪಿಸುವುದು ನನ್ನಿಂದಾಗಲಿಲ್ಲ. ಅಂಗಡಿಯಿಂದ ತಂದ ಒಂದು ಅಡಿ ಅಗಲದ ತುಂಡನ್ನು ಮಧ್ಯಾಹ್ನ ಒಂದು ಗಂಟೆಗೆ ತಾರಸಿಯಲ್ಲಿ ಹಾಸಿ, ಅವಳ ಮಗನನ್ನು ಬರಿಗಾಲಲ್ಲಿ ನಿಲ್ಲು ಎಂದೆ. ಅವನು ಹಾರಿ ಸಿಮೆಂಟಿನ ಮೇಲೆ ಬಂದು ನಿಂತ. ಜಗಲಿಗೆ 35 ಎಂಎಂ ಬಂತು. ತಾರಸಿಗೆ ಸುಣ್ಣ ಹೊಡೆಸಿದರು. ಆ ತುಂಡು ಈಗ ಹಿತ್ತಿಲ ಬಾಗಿಲಲ್ಲಿ ಕಾಲೊರಸು.