ಬರ ಎಂಬ ಮೂರನೆಯ ಬೆಳೆ

ಬರಗಾಲವನ್ನು ಕುರಿತು ಬರೆಯುವವರಿಗೆ ನಮ್ಮಲ್ಲಿ ಒಂದು ಸಿದ್ಧ ಚಿತ್ರವಿದೆ: ಬಿರಿದ ನೆಲ, ಬತ್ತಿದ ಬಾವಿ, ಎಲುಬು ಕಾಣುವ ದನ, ಮುಗಿಲು ನೋಡುತ್ತ ಕುಳಿತ ಮುದುಕ. ಓದಿದವರ ಮನಸ್ಸು ಕರಗುತ್ತದೆ. ತಪ್ಪೆಲ್ಲ ಮಳೆರಾಯನ ತಲೆಗೆ ಹೋಗುತ್ತದೆ. ಶ್ರೀ ಪಿ. ಸಾಯಿನಾಥರ ಇಂಗ್ಲಿಷ್ ಗ್ರಂಥ ‘ಎವೆರಿಬಡಿ ಲವ್ಸ್ ಎ ಗುಡ್ ಡ್ರಾಟ್’ 1996ರಲ್ಲಿ ಈ ಚಿತ್ರವನ್ನೇ ಕೆಡವಿತು. ಶ್ರೀ ಜಿ. ಎನ್. ಮೋಹನ್ ಅವರ ಅನುವಾದದಿಂದ ಅದು ‘ಬರ ಅಂದ್ರೆ ಎಲ್ಲರಿಗೂ ಇಷ್ಟ’ ಎಂಬ ಹೆಸರಿನಲ್ಲಿ ಕನ್ನಡಿಗರಿಗೂ ದೊರೆತಿದೆ.

ದೇಶದ ಕಡುಬಡ ಜಿಲ್ಲೆಗಳಲ್ಲಿ ತಿರುಗಿ ದಿನಪತ್ರಿಕೆಗೆ ಬರೆದ ವರದಿಗಳಿವು. ಹಸಿವಿಗೆ ಹೆಸರಾದ ಒಡಿಶಾದ ಕಾಲಾಹಂಡಿಯಲ್ಲಿ ವರ್ಷಕ್ಕೆ ಸರಾಸರಿ 1,200 ಮಿಲಿಮೀಟರಿಗೂ ಮಿಕ್ಕು ಮಳೆಯಾಗುತ್ತದೆ. ನಮ್ಮ ಚಿತ್ರದುರ್ಗದ ಕಡೆ ಅದರ ಅರ್ಧ ಬಿದ್ದರೇ ಸಂತೋಷ. ಕಾಲಾಹಂಡಿ ಅನ್ನ ಬೆಳೆಯದ ನೆಲವಲ್ಲ, ಬೆಳೆದ ಅನ್ನ ಬಡವನ ಕೈಯಲ್ಲಿ ನಿಲ್ಲದ ನೆಲವೆಂದು ಲೇಖಕರು ತೋರಿಸುತ್ತಾರೆ. ಪಲಾಮುವಿನ ಜನ ಬರಪರಿಹಾರಕ್ಕೆ ‘ತೀಸ್ರೀ ಫಸಲ್’, ಅಂದರೆ ಮೂರನೆಯ ಬೆಳೆ, ಎಂದು ಹೆಸರಿಟ್ಟಿದ್ದಾರಂತೆ. ಪರಿಹಾರದ ಹಣ ಕಾಮಗಾರಿಯಾಗಿ ಇಳಿದು, ಗುತ್ತಿಗೆದಾರನ ಕಣಜ ತುಂಬಿದ ಮೇಲೆ, ಹೊಟ್ಟು ಬಡವನಿಗೆ. ಇಷ್ಟು ಕಹಿಯಾದ ಮಾತನ್ನು ಯಾವ ಕವಿಯೂ ಕಟ್ಟಿದ್ದಲ್ಲ. ಹಳ್ಳಿಯ ಜನ ಆಡಿದ್ದು.

ಈ ಕೃತಿಯ ದೊಡ್ಡ ಗುಣವೆಂದರೆ ಅದು ನಮ್ಮ ಕನಿಕರವನ್ನು ಬೇಡುವುದಿಲ್ಲ, ಜಮಾಖರ್ಚು ಕೇಳುತ್ತದೆ. ಕನಿಕರದಿಂದ ಸರ್ಕಾರಕ್ಕೆ ಯಾವ ತೊಂದರೆಯೂ ಇಲ್ಲ. ಮಂತ್ರಿಗಳೂ ಬಿರಿದ ಹೊಲದಲ್ಲಿ ನಿಂತು ಕಣ್ಣೊರೆಸಿಕೊಳ್ಳಬಲ್ಲರು. ಲೆಕ್ಕ ಕೇಳಿದಾಗಲೇ ಮುಖ ಕೆಡುವುದು.

ಕೊರತೆಯೂ ಇದೆ. ಅಂಕಣದ ಅಳತೆಗೆ ಬರೆದವಾದ್ದರಿಂದ ಇಲ್ಲಿಯ ಮನುಷ್ಯರು ಹೊಸ್ತಿಲಲ್ಲೇ ಕಂಡು ಮರೆಯಾಗುತ್ತಾರೆ. ಗೊಡ್ಡಾ ಜಿಲ್ಲೆಯಲ್ಲಿ ಸೈಕಲ್ಲಿಗೆ ಸುಮಾರು 250 ಕಿಲೋ ಕಲ್ಲಿದ್ದಲು ಹೇರಿಕೊಂಡು ಹತ್ತಾರು ಮೈಲಿ ತಳ್ಳುವವನ ಭಾರ, ದಾರಿ, ಕೂಲಿ ನಮಗೆ ತಿಳಿಯುತ್ತವೆ. ಮನೆಗೆ ಬಂದು ಅವನು ಯಾರೊಡನೆ ಏನು ಮಾತಾಡಿದನೆಂಬುದು ತಿಳಿಯುವುದಿಲ್ಲ. ಅದು ಕಾದಂಬರಿಕಾರನ ಕೆಲಸವೆಂದು ಒಪ್ಪುತ್ತೇನೆ. ಆದರೆ ನಮ್ಮ ಕಾದಂಬರಿಕಾರರು ಆ ಒಳಮನೆಯನ್ನು ಬರೆಯುವಾಗ ತಾಲೂಕು ಕಚೇರಿಯನ್ನು ಮರೆಯದಿದ್ದರೆ ಒಳ್ಳೆಯದು.

ಇದು ಹಳೆಯ ಕಥೆಯೆಂದು ವಾಚಕರು ಪುಸ್ತಕವನ್ನು ಬದಿಗಿಡಬಾರದು. 2023ರಲ್ಲಿ ಕರ್ನಾಟಕದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸಾರಲಾಯಿತು. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. 2024ರ ಮಾರ್ಚಿಯಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ನಗರದ ನಾವು ಇದನ್ನು ಎರಡು ಸರ್ಕಾರಗಳ ಜಗಳವೆಂದು ಓದಿ ಪುಟ ತಿರುವಿದೆವು. ಆ ತಿಂಗಳುಗಳಲ್ಲಿ ಹೊಲದ ಕೆಲಸವಿಲ್ಲದ ಕೂಲಿಯವಳು ಮಕ್ಕಳಿಗೆ ಏನು ಬಡಿಸಿದಳೆಂದು ಎಷ್ಟು ಮಂದಿ ಕೇಳಿದೆವು? ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಸುವ ಪುಸ್ತಕವಿದು. ನೆಮ್ಮದಿಗಾಗಿ ಓದುವವರಿಗೆ ಇದನ್ನು ಶಿಫಾರಸು ಮಾಡಲಾರೆ, ಉಳಿದವರೆಲ್ಲರೂ ಓದಬೇಕು.