ಏಪ್ರಿಲ್ 3ರ ಜ್ಞಾಪನಪತ್ರ

ನ್ಯಾಯಾಲಯದ ತೀರ್ಪೊಂದನ್ನು ಸಾಹಿತ್ಯದ ಪುಟದಲ್ಲಿ ವಿಮರ್ಶಿಸಹೊರಟರೆ ಕೆಲವರು ಹುಬ್ಬೇರಿಸಬಹುದು. ಆದರೆ ಸ್ಟ್ರಾಸ್‌ಬರ್ಗಿನ ಯೂರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2009ರ ಜೂನ್ 9ರಂದು ಕೊಟ್ಟ ‘ಓಪುಜ್ ವಿರುದ್ಧ ತುರ್ಕಿ’ ತೀರ್ಪು, ಅದರ ಮೊದಲ ಭಾಗವಾದರೂ, ಕಥನವೇ ಸರಿ. ದುರಂತವೆಂದರೇನೆಂದು ತರಗತಿಯಲ್ಲಿ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಒಂದು ಕೊಲೆ ಏಳು ವರ್ಷ ಮೊದಲೇ ಹೊರಟು, ಎಲ್ಲರ ಕಣ್ಣೆದುರಿಗೆ ನಡೆದುಬರುವುದನ್ನು ಇಷ್ಟು ಒಣಮಾತಿನಲ್ಲಿ ಹೇಳಿದ್ದನ್ನು ಬೇರೆಲ್ಲೂ ಓದಿಲ್ಲ.

ಕಥೆ ತುರ್ಕಿಯ ಆಗ್ನೇಯದಲ್ಲಿರುವ ದಿಯಾರ್‌ಬಕಿರ್ ಊರಿನದು. 1995ರಿಂದ ಒಬ್ಬಾತ ಹೆಂಡತಿಯನ್ನೂ ಅತ್ತೆಯನ್ನೂ ಹೊಡೆಯುತ್ತಾನೆ, ಕೊಲ್ಲುವೆನೆಂದು ಹೆದರಿಸುತ್ತಾನೆ. ಅವರು ದೂರು ಕೊಡುತ್ತಾರೆ, ವೈದ್ಯರು ಗಾಯಗಳನ್ನು ಬರೆದುಕೊಳ್ಳುತ್ತಾರೆ, ಆಮೇಲೆ ದೂರನ್ನು ಹಿಂತೆಗೆದುಕೊಳ್ಳುತ್ತಾರೆ, ಕಡತ ಮುಚ್ಚುತ್ತದೆ. 1998ರಲ್ಲಿ ಅವನು ಇಬ್ಬರ ಮೇಲೂ ಕಾರು ಹಾಯಿಸಿದ. ಅತ್ತೆಯ ಜೀವ ಉಳಿದದ್ದೇ ಹೆಚ್ಚು. 2001ರಲ್ಲಿ ಹೆಂಡತಿಯನ್ನು ಏಳು ಕಡೆ ಚೂರಿಯಿಂದ ಇರಿದ. ಶಿಕ್ಷೆ? ಎಂಟು ಕಂತುಗಳಲ್ಲಿ ಕಟ್ಟಬಹುದಾದ ದಂಡ. ಏಳು ಇರಿತಕ್ಕೆ ಎಂಟು ಕಂತು! ಕಾದಂಬರಿಕಾರನೊಬ್ಬ ಹೀಗೆ ಬರೆದಿದ್ದರೆ ಅತಿಯಾಯಿತೆಂದು ನಾವೇ ಆಕ್ಷೇಪಿಸುತ್ತಿದ್ದೆವು.

‘ಹಿಂತೆಗೆದುಕೊಂಡರು’ ಎಂಬ ಕ್ರಿಯಾಪದವನ್ನು ವಾಚಕರು ಗಮನಿಸಬೇಕು. ತುರ್ಕಿ ಸರ್ಕಾರದ ವಾದವೆಲ್ಲ ನಿಂತದ್ದು ಇದರ ಮೇಲೆಯೇ. ವ್ಯಾಕರಣದ ಪ್ರಕಾರ ಕರ್ತೃಪದ ಆ ಹೆಂಗಸರು. ನಿಜವಾದ ಕರ್ತೃ ಯಾರು? ಅವರು ದೂರು ಹಿಂತೆಗೆದಾಗಲೆಲ್ಲ ಅವನು ಬಿಡುಗಡೆಯಾಗಿ ಹೊರಗಿದ್ದ, ಇಲ್ಲವೆ ಬೆದರಿಸುತ್ತಿದ್ದ ಎಂಬುದನ್ನು ನ್ಯಾಯಾಧೀಶರು ಗುರುತಿಸಿದ್ದಾರೆ. ಅಪರಾಧ ಘೋರವಾದಷ್ಟೂ, ದೂರು ಇಲ್ಲದಿದ್ದರೂ ಮೊಕದ್ದಮೆ ಮುಂದುವರಿಯಬೇಕೆಂದಿದ್ದಾರೆ.

ಪೋಲೀಸರ ಮಾತು ಬರುವುದು ಇನ್ನೂ ಮುಂದೆ. ಆ ಊರಿನ ವಕೀಲರ ಸಂಘ ಮತ್ತು ಆಮ್ನೆಸ್ಟಿ ಸಂಸ್ಥೆಗಳ ವರದಿಗಳನ್ನು ಆಧರಿಸಿ ತೀರ್ಪು ಹೇಳುವುದಿಷ್ಟು: ಠಾಣೆಗೆ ಬಂದವಳ ದೂರನ್ನು ತನಿಖೆ ಮಾಡುವ ಬದಲು ಪೋಲೀಸರು ಮಧ್ಯಸ್ಥರಾಗಿ, ಮನೆಗೆ ಹೋಗಮ್ಮ ಎಂದು ಒಪ್ಪಿಸಲು ನೋಡುತ್ತಾರೆ, ಇದು ಸಂಸಾರದ ವಿಷಯ, ನಾವು ಕೈಹಾಕುವಂತಿಲ್ಲ ಎನ್ನುತ್ತಾರೆ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಮದುವೆಮನೆಗಳಲ್ಲಿ ನಗುತ್ತ ನಾನೂ ಹೇಳಿದ್ದುಂಟು. ದಿಯಾರ್‌ಬಕಿರಿನ ಠಾಣೆಗೆ ಕನ್ನಡ ಬಾರದು, ಗಾದೆ ಬರುತ್ತಿತ್ತು.

2002ರ ಫೆಬ್ರವರಿ 27ರಂದು ಅತ್ತೆ ಸರ್ಕಾರಿ ಅಭಿಯೋಜಕರಿಗೆ ಅರ್ಜಿ ಕೊಟ್ಟಳು: ಬೆದರಿಕೆ ಹೆಚ್ಚಿದೆ, ಜೀವಕ್ಕೆ ಅಪಾಯವಿದೆ, ನನ್ನ ಫೋನಿಗೆ ಬರುವ ಕರೆಗಳನ್ನು ಗಮನಿಸಿ. ಅಭಿಯೋಜಕರು ಅಂದೇ, ಮುಂದಿನ ಒಂದು ತಿಂಗಳು ಆಕೆಗೆ ಬರುವ ಕರೆಗಳ ಪಟ್ಟಿ ಕಳುಹಿಸಿರೆಂದು ಟೆಲಿಫೋನ್ ಇಲಾಖೆಗೆ ಬರೆದರು. ಮಾರ್ಚ್ 11ರಂದು ಆಕೆ ಸಾಮಾನನ್ನು ವಾಹನಕ್ಕೆ ಹೇರಿಸಿ ಊರು ಬಿಟ್ಟು ಹೊರಟಿದ್ದಾಗ ಅಳಿಯ ಅಡ್ಡಗಟ್ಟಿ ಗುಂಡಿಟ್ಟು ಕೊಂದ. ಏಪ್ರಿಲ್ 3ರಂದು, ಪಟ್ಟಿ ಇನ್ನೂ ಬಂದಿಲ್ಲವೆಂದು, ಅಭಿಯೋಜಕರು ಟೆಲಿಫೋನ್ ಇಲಾಖೆಗೆ ಮತ್ತೆ ಪತ್ರ ಬರೆದರು.

ಇದಿಷ್ಟನ್ನೂ ತೀರ್ಪು ಒಂದು ಉದ್ಗಾರವಿಲ್ಲದೆ ದಾಖಲಿಸುತ್ತದೆ. ಅದರ ಶಕ್ತಿ ಅಲ್ಲಿದೆ. ಕೌಟುಂಬಿಕ ಹಿಂಸೆಯನ್ನು ತಡೆಯದಿರುವುದು ಸ್ತ್ರೀಯರಿಗೆ ಮಾಡುವ ಭೇದವೂ ಹೌದೆಂದು ಆ ನ್ಯಾಯಾಲಯ ಮೊದಲ ಬಾರಿಗೆ ಹೇಳಿದ್ದೂ ಇಲ್ಲಿಯೇ. ಆದರೂ ನನ್ನದೊಂದು ಅತೃಪ್ತಿಯಿದೆ. ಪೋಲೀಸರ ಮಧ್ಯಸ್ಥಿಕೆಯ ವಿವರ ಸಾಮಾನ್ಯ ವರದಿಗಳಿಂದ ಬಂದದ್ದು. ಈ ತಾಯಿಮಗಳು ದೂರು ಹಿಂತೆಗೆದ ದಿನಗಳಲ್ಲಿ ಮೇಜಿನ ಆಚೆಯಿಂದ ಯಾರು ಏನೆಂದರು, ಇವರು ಏನು ಉತ್ತರ ಕೊಟ್ಟರು ಎಂಬ ಒಂದು ಸಾಲೂ ಅಲ್ಲಿಲ್ಲ. ಅದನ್ನು ಯಾರೂ ಬರೆದಿಟ್ಟುಕೊಂಡಿರಲಿಲ್ಲ.