ಚೋಮ ಪಾದ್ರಿಯ ಹತ್ತಿರ ಏನು ಕೇಳಲು ಹೊರಟಿದ್ದ?

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ ಮೇಲಂತೂ ಅಕ್ಷರ ಬಾರದವರಿಗೂ ಚೋಮ ಗೊತ್ತು. ಆದರೆ ತರಗತಿಯಲ್ಲಿ ಈ ಕಾದಂಬರಿಯನ್ನು ಪಾಠ ಮಾಡುವ ರೀತಿ ನಮಗೆ ಒಪ್ಪಿಗೆಯಿಲ್ಲ. ಚೋಮ ಪಾದ್ರಿಯ ಹತ್ತಿರ ಹೊರಟು ಪಂಜುರ್ಲಿ ದೈವಕ್ಕೆ ಅಂಜಿ ಅರ್ಧ ದಾರಿಯಿಂದ ಹಿಂತಿರುಗುವ ಭಾಗ ಬಂತೆಂದರೆ ಮಾಸ್ತರರ ದನಿ ಏರುತ್ತದೆ. ‘ನೋಡ್ರಿ, ಹೊಟ್ಟಿಗಿಲ್ಲದಿದ್ರೂ ಧರ್ಮ ಬಿಡಲಿಲ್ಲ!’ ಅಲ್ಲಿಗೆ ಪಾಠ ಮುಗಿಯಿತು.

ಅವನು ಏನು ಕೇಳಲು ಹೊರಟಿದ್ದ ಎಂಬುದನ್ನು ಯಾರೂ ಕೇಳುವುದಿಲ್ಲ. ಚೋಮನಿಗೆ ಬೇಕಿದ್ದದ್ದು ಬೇಸಾಯಕ್ಕೊಂದು ತುಂಡು ನೆಲ. ಅವನ ಹತ್ತಿರ ಎತ್ತಿನ ಜೋಡಿ ಇತ್ತು, ದುಡಿಯುವ ರಟ್ಟೆ ಇತ್ತು. ಹೊಲೆಯ ಆರಂಬ ಮಾಡಬಾರದೆಂಬ ಕಟ್ಟಳೆಯೊಂದೇ ಅಡ್ಡ ನಿಂತಿತ್ತು. ತೋಟದ ಸಾಲ ತೀರಿಸಲು ಹೋದ ಚನಿಯ ಜ್ವರ ಹೊತ್ತು ತಂದು ಸತ್ತ. ಗುರುವ ಕ್ರೈಸ್ತ ಹುಡುಗಿಯ ಕೂಡೆ ಆ ಮತಕ್ಕೆ ಹೋದ. ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿದ್ದ ಮೇಲ್ಜಾತಿಗೆ ಮೈಲಿಗೆಯ ಭಯ. ಇಷ್ಟಾದ ಮೇಲೆ, ಆ ಮತಕ್ಕೆ ಸೇರಿದವರಿಗೆ ಭೂಮಿ ಸಿಗುತ್ತದೆ ಎಂದು ಕೇಳಿ ಚೋಮ ಹೊರಟ. ಏಸುವಿನ ಕಥೆಗಾಗಿ ಹೊರಟವನಲ್ಲ ಅವನು. ಕಾರಂತರು ಅವನ ದುಃಖವನ್ನು ಪ್ರಾಮಾಣಿಕವಾಗಿ ಬರೆದಿದ್ದಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ದೈವವನ್ನು ದಾರಿಗೆ ಅಡ್ಡ ತಂದು, ಮೇಲ್ಜಾತಿಯ ಓದುಗನನ್ನು ಒಂದು ಕಷ್ಟದ ಪ್ರಶ್ನೆಯಿಂದ ಪಾರು ಮಾಡಿಬಿಟ್ಟರು. ಚೋಮ ಪಾದ್ರಿಯನ್ನು ಮುಟ್ಟಿದ್ದರೆ ಏನಾಗುತ್ತಿತ್ತು?

ಕಾದಂಬರಿ ಉತ್ತರಿಸದ ಈ ಪ್ರಶ್ನೆಯನ್ನು ಇತಿಹಾಸಕ್ಕೆ ಕೇಳೋಣ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದವನು. 1853ರಲ್ಲಿ ಕೊಡಗಿನ ಬೆಟ್ಟ ಹತ್ತಿದ. ಅಲ್ಲಿಯ ಹೊಲೆಯರು ಜಮ್ಮದಾಳುಗಳು. ಭೂಮಿ ಕೈಬದಲಾದರೆ ಭೂಮಿಯ ಸಂಗಡ ತಾವೂ ಕೈಬದಲಾಗುತ್ತಿದ್ದವರು. 1843ರ ಕಾಯಿದೆ ಕಾಗದದ ಮೇಲೆ ಗುಲಾಮಗಿರಿಯನ್ನು ಅಳಿಸಿದರೂ ಒಡೆಯನ ಅಂಗಳ ಬದಲಾಗಲಿಲ್ಲ. 1855ರಲ್ಲಿ ಮೋಗ್ಲಿಂಗ್ ಕೊಡಗಿನ ಬಗ್ಗೆ, ತನ್ನ ಮಿಷನ್ನಿನ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದ. 1860ರಲ್ಲಿ ಯುರೋಪಿಗೆ ಮರಳಿದ. ಅವನ ಜತೆಗಾರ ಆನಂದರಾವ್ ಕೌಂಡಿನ್ಯ ಬ್ರಾಹ್ಮಣನಾಗಿ ಹುಟ್ಟಿ 1844ರಲ್ಲಿ ಕ್ರೈಸ್ತನಾದವನು. ಅಮ್ಮತ್ತಿಯ ಹತ್ತಿರ ಹೊಲೆಯ ಕ್ರೈಸ್ತರಿಗಾಗಿ ಎದ್ದ ವಸತಿ ಅವನ ಹೆಸರಿನಲ್ಲೇ ಆನಂದಪುರವಾಯಿತು. ಕಾಡು ಕಡಿದು ಕಾಫಿ ನೆಟ್ಟರು. ಊರಿಗೆ ಹೆಸರು ಬಂದದ್ದು ಪಾದ್ರಿಯದು. ಕಾಡು ಕಡಿದವರ ಹೆಸರನ್ನು ಎಷ್ಟು ಜನ ಬಲ್ಲರು?

ಮೋಗ್ಲಿಂಗನನ್ನು ಹೀಗಳೆಯಲು ಇದನ್ನು ಹೇಳುತ್ತಿಲ್ಲ. ಅಗ್ರಹಾರ ಕೊಡದ ಅಕ್ಷರವನ್ನು ಮಿಷನ್ ಶಾಲೆ ಕೊಟ್ಟಿತು, ಆ ಋಣ ನಮ್ಮ ಮೇಲಿದೆ. ಆದರೆ ಮಿಷನ್ ಕೊಂಡ ಜಮೀನಿನಲ್ಲಿ ಹಲವು ಕಡೆ ಹೊಸ ಕ್ರೈಸ್ತರು ಒಕ್ಕಲಾಗಿಯೇ ದುಡಿದರು. ಒಡೆಯ ಬದಲಾದ, ಒಕ್ಕಲುತನ ಉಳಿಯಿತು. ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಪೆಟ್ಟು ಬಿತ್ತು. 1950ರ ರಾಷ್ಟ್ರಪತಿಗಳ ಆಜ್ಞೆ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗಷ್ಟೇ ಮೀಸಲಿಟ್ಟಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಒಳಬಂದರು. ದಲಿತ ಕ್ರೈಸ್ತರು ಇಂದಿಗೂ ಹೊರಗೇ. ಚೋಮ ಪಾದ್ರಿಯನ್ನು ಮುಟ್ಟಿದ್ದರೆ ಅವನ ಮೊಮ್ಮಕ್ಕಳ ಕೈಯಲ್ಲಿ ಜಾತಿ ಸರ್ಟಿಫಿಕೇಟೂ ಇರುತ್ತಿರಲಿಲ್ಲ. ಕೇರಿ ಮಾತ್ರ ಅದೇ ಕೇರಿ.

ಮೋಗ್ಲಿಂಗ್ ವರ್ಷಗಟ್ಟಲೆ ಇದ್ದವನು, ಭಾಷೆ ಕಲಿತವನು. 1960ರ ದಶಕದಿಂದ ಅಮೆರಿಕದ ಚರ್ಚುಗಳಲ್ಲಿ ಬೇರೊಂದು ಪದ್ಧತಿ ಬೆಳೆಯಿತು. ಹುಡುಗ ಹುಡುಗಿಯರು ಎರಡು ವಾರ, ಒಂದು ತಿಂಗಳು ಯಾವುದೋ ಬಡ ದೇಶದ ಗುಡ್ಡದ ಹಳ್ಳಿಗೆ ಹೋಗುವುದು, ಗೋಡೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಹಾಡು ಕಲಿಸುವುದು, ಮರಳಿ ತಮ್ಮ ಬದುಕು ಬದಲಾಯಿತೆಂದು ಬರೆಯುವುದು. ಇಂಥ ಬರಹದಲ್ಲಿ ಬದಲಾಗುವುದು ಹೋದವನ ಬದುಕು; ಹಳ್ಳಿ ಬರೀ ಹಿನ್ನೆಲೆಯ ಪರದೆ. 1968ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾದಲ್ಲಿ ಇವಾನ್ ಇಲಿಚ್ ಇಂಥ ಯುವಕರ ಮುಖಕ್ಕೇ ಹೇಳಿದ: ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರ ಮಾಡುತ್ತೇವೆಂದು ಮಾತ್ರ ಬರಬೇಡಿ. ಹೀಗೆಂದವನು ತಾನೇ ಕ್ಯಾಥೊಲಿಕ್ ಪಾದ್ರಿ.

ಈ ರೋಗ ಪಾದ್ರಿಗಳಿಗೆ ಮಾತ್ರ ಅಂಟಿದ್ದೆಂದು ನಗುವ ಹಕ್ಕು ನಮಗಿಲ್ಲ. ನಮ್ಮ ಸೀಮೆಗೂ ಕಾಲೇಜಿನ ಶಿಬಿರ ಬರುತ್ತದೆ, ಮಠದ ಪಾದಯಾತ್ರೆ ಬರುತ್ತದೆ, ಪಕ್ಷದ ನಾಯಕರು ಕೇರಿಯಾಗ ಒಂದು ರಾತ್ರಿ ಮಲಗಿ ಹೋಗ್ತಾರ. ರೋಡ್ ಗುಡಿಸ್ತಾರ, ಫೋಟೋ ಹೊಡಿಸ್ಕೋತಾರ, ಭಾಷಣ ಮಾಡ್ತಾರ, ನಡೀತಾರ. ಸವಣೂರಿನಲ್ಲಿ ದಿನಾ ಊರಿನ ಹೊಲಸು ಬಳಿದವರು ಇದ್ದರಲ್ಲ, ಅವರ ಆ ದುಡಿಮೆಗೆ ಯಾರೂ ‘ಸೇವೆ’ಯ ಪ್ರಶಸ್ತಿ ಕೊಡಲಿಲ್ಲ. 2010ರ ಜುಲೈಯಲ್ಲಿ, ಇದ್ದ ಮನೆ ಖಾಲಿ ಮಾಡಬೇಕೆಂಬ ಒತ್ತಡ ಬಂದಾಗ, ಭಂಗಿ ಸಮುದಾಯದ ಆ ಜನ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ಒಣ ಪಾಯಿಖಾನೆ, ಮಲ ಹೊರಿಸುವುದು ನಿಷೇಧವೆಂದು 1993ರಲ್ಲೇ ಕಾಯಿದೆಯಾಗಿತ್ತು! ಚೋಮ ದುಡಿ ಬಡಿದು ಹೇಳಿದ್ದನ್ನು ಇವರು ಮೈಯಿಂದ ಹೇಳಿದರು. ಇವರೂ ಕೇಳಿದ್ದು ಕಾಲೂರಲು ನೆಲ.

ಆದ್ದರಿಂದ ಗೆಳೆಯರೇ, ಸೇವೆಯ ಬರಹ ಯಾವ ಮತದಿಂದ ಬರಲಿ, ಯಾವ ಬಣ್ಣದ ಬಾವುಟ ಹಿಡಿದು ಬರಲಿ, ಅದನ್ನು ಅಳೆಯುವ ಕೋಲು ನಮ್ಮ ಕೈಯಲ್ಲಿರಲಿ. ಬಂದವನ ಕಣ್ಣೀರು ಎಷ್ಟು ಹರಿಯಿತು ಎಂಬುದು ನಮಗೆ ಬೇಡ. ಕೇರಿಯವರಿಗೆ ಆ ಬರಹದಲ್ಲಿ ಹೆಸರಿದೆಯೇ, ಮಾತಿದೆಯೇ, ಬೇಡ ಎನ್ನುವ ಹಕ್ಕಿದೆಯೇ ನೋಡೋಣ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮಾಸ್ತರರು ಮುಂದಿನ ಸಲ ‘ಚೋಮನ ದುಡಿ’ ತೆರೆದಾಗ ಧರ್ಮದ ಪಾಠಕ್ಕಿಂತ ಮೊದಲು ಹುಡುಗರ ಮುಂದೆ ಒಂದು ಪ್ರಶ್ನೆ ಇಡಲಿ: ಇಷ್ಟು ಮಂದಿ ಬಂದ್ರು, ಹೋದ್ರು, ಉತಾರದಾಗ ಚೋಮನ ಹೆಸರು ಬಂತೇನು?